ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ನಂತರ ನೆಗಡಿ: ಯಾವ ಗುಳಿಗೆ ಸರಿ, ಯಾವುದು ಬೇಡ

ಪ್ರಶ್ನೆ: ಡಾಕ್ಟರ್ ಸಾಹೇಬರಿಗೆ ನಮಸ್ಕಾರ. ನಾನು ಚಿತ್ತಾಪುರ ತಾಲ್ಲೂಕಿನ ಶಾಲೆಯೊಂದರಲ್ಲಿ ಶಿಕ್ಷಕಿ, ವಯಸ್ಸು 43. ಎಂಟು ತಿಂಗಳ ಹಿಂದೆ ಹೈದರಾಬಾದಿನಲ್ಲಿ ಗ್ಯಾಸ್ಟ್ರಿಕ್ ಬೈಪಾಸ್ ಮಾಡಿಸಿಕೊಂಡಿದ್ದೇನೆ. ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಗುಳಿಗೆಗಳನ್ನು ತಪ್ಪಿಸುವುದಿಲ್ಲ; ಬಿ.ಪಿ. ಗುಳಿಗೆ ಅರ್ಧಕ್ಕೆ ಇಳಿದಿದೆ. ಮೂರು ದಿನಗಳಿಂದ ನೆಗಡಿ, ಮೈಕೈ ನೋವು, ಸಣ್ಣ ಜ್ವರ. ಮೆಡಿಕಲ್ ಅಂಗಡಿಯವರು ಪಟ್ಟಿಯಿಂದ ಕತ್ತರಿಸಿ ಕೊಟ್ಟ ನಾಲ್ಕು ಗುಳಿಗೆಗಳಲ್ಲಿ ಎರಡನ್ನು ನುಂಗಿದ್ದೇನೆ. ತುಂಡಿನ ಹಿಂದೆ 'ಪ್ಯಾರಸಿಟಮಾಲ್ 325' ಎಂದಿದೆ, ಅದರ ಮೇಲಿನ ಸಾಲು 'ಐಬು' ಎನ್ನುವಷ್ಟಕ್ಕೇ ತುಂಡಾಗಿದೆ. ನೀರಿನಲ್ಲಿ ಕರಗುವ ಡಿಸ್ಪ್ರಿನ್ ಹೊಟ್ಟೆಗೆ ಹಗುರ ಎಂದು ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ನಿನ್ನೆ ನಮ್ಮ ಅತ್ತೆಯವರು ಬೆಲ್ಲ ಹಾಕಿ ಕಾಸಿಕೊಟ್ಟ ಕಷಾಯ ಕುಡಿದ ಸ್ವಲ್ಪ ಹೊತ್ತಿಗೆ ಬೆವರು ಕಿತ್ತುಬಂದು ಎದೆ ಬಡಿದುಕೊಂಡಿತು, ಮಲಗಿಬಿಟ್ಟೆ. ಗುಳಿಗೆ ಆಗಿಬರಲಿಲ್ಲವೇ? ನೆಗಡಿಗೆ ನಾನು ಏನು ತೆಗೆದುಕೊಳ್ಳಬಹುದು?

ಉತ್ತರ: ಉಳಿದ ಎರಡು ಗುಳಿಗೆಗಳನ್ನು ದಯವಿಟ್ಟು ನುಂಗಬೇಡಿ. ತುಂಡಿನ ಮೇಲೆ ಉಳಿದಿರುವ 'ಐಬು' ಎಂಬ ಅಕ್ಷರಗಳು ಐಬುಪ್ರೊಫೇನ್ ಎಂಬ ನೋವು ನಿವಾರಕದವು. ಐಬುಪ್ರೊಫೇನ್ 400 ಮಿ.ಗ್ರಾಂ. ಮತ್ತು ಪ್ಯಾರಸಿಟಮಾಲ್ 325 ಮಿ.ಗ್ರಾಂ. ಕೂಡಿದ ಗುಳಿಗೆ ನಮ್ಮ ಭಾಗದ ಎಲ್ಲ ಔಷಧಿ ಅಂಗಡಿಗಳಲ್ಲೂ ದಿನನಿತ್ಯ ಮಾರಾಟವಾಗುವಂಥದ್ದು. ಕಾಂಬಿಫ್ಲಾಮ್ ಎಂಬ ಹೆಸರಿನಲ್ಲಿ ಹೆಚ್ಚಿನವರಿಗೆ ಪರಿಚಿತ. ಬೈಪಾಸ್ ಆಗದವರಿಗೆ ಎರಡು ದಿನದ ಮಟ್ಟಿಗೆ ಇದು ಸಾಮಾನ್ಯವಾಗಿ ತೊಂದರೆ ಕೊಡದಿದ್ದರೂ ನಿಮಗೆ ಹೇಳಿಸಿದ ಗುಳಿಗೆಯಲ್ಲ.

ಏಕೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಕಾರಣ ತಿಳಿದಿದ್ದರೆ ಮುಂದಿನ ಸಲ ಅಂಗಡಿಯ ಮುಂದೆ ನಿಂತಾಗ ನೀವೇ ನಿರ್ಧರಿಸಬಲ್ಲಿರಿ. ಬೈಪಾಸ್‌ನಲ್ಲಿ ಜಠರದ ಮೇಲ್ಭಾಗವನ್ನು ಸುಮಾರು 30 ಮಿ.ಲೀ. ಹಿಡಿಯುವ ಪುಟ್ಟ ಚೀಲವಾಗಿ ಬೇರ್ಪಡಿಸಿ, ಅದಕ್ಕೆ ಸಣ್ಣ ಕರುಳನ್ನು ನೇರವಾಗಿ ಹೊಲಿದಿರುತ್ತಾರೆ. ಜಠರದ ಆಮ್ಲವನ್ನು ತಾಳಿಕೊಳ್ಳುವ ಶಕ್ತಿ ಜಠರದ ಒಳಪದರಕ್ಕೆ ಇದೆ, ಕರುಳಿನ ಆ ಭಾಗಕ್ಕೆ ಅಷ್ಟಾಗಿ ಇಲ್ಲ. ಆದ್ದರಿಂದ ಹೊಲಿಗೆಯ ಸ್ಥಳದಲ್ಲಿ ಹುಣ್ಣಾಗುವ ಸಂಭವ ಜೀವನಪರ್ಯಂತ ಇರುತ್ತದೆ. ಒಳಪದರವನ್ನು ಕಾಯುವ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳನ್ನು ದೇಹವೇ ತಯಾರಿಸಿಕೊಳ್ಳುತ್ತದೆ. ಐಬುಪ್ರೊಫೇನ್ ಮತ್ತು ಅದರ ಬಳಗದ ಔಷಧಿಗಳು ನೋವನ್ನು ಕಡಿಮೆ ಮಾಡುವುದು ಇದೇ ರಾಸಾಯನಿಕಗಳ ತಯಾರಿಕೆಯನ್ನು ತಡೆಯುವ ಮೂಲಕ. ನೋವೇನೋ ಇಳಿಯುತ್ತದೆ, ಜೊತೆಗೆ ಕಾವಲೂ ಹೋಗುತ್ತದೆ.

ಈ ತಡೆ ರಕ್ತದ ಮೂಲಕ ನಡೆಯುತ್ತದೆಂಬುದನ್ನು ವಿಶೇಷವಾಗಿ ಗಮನಿಸಬೇಕು. ಗುಳಿಗೆಯನ್ನು ಊಟದ ಮೇಲೆ ನುಂಗಿದರೂ, ನೀರಿನಲ್ಲಿ ಕರಗಿಸಿ ಕುಡಿದರೂ, ಸೊಂಟಕ್ಕೆ ಸೂಜಿ ಮಾಡಿಸಿಕೊಂಡರೂ ಪರಿಣಾಮ ತಪ್ಪುವುದಿಲ್ಲ. 'ಗುಳಿಗೆ ಬೇಡ, ಡೈಕ್ಲೋಫೆನಾಕ್ ಸೂಜಿ ಹಾಕಿ, ಅದು ಹೊಟ್ಟೆಗೆ ಹೋಗೋದಿಲ್ಲವಲ್ಲ' ಎಂದು ಕೇಳುವವರನ್ನು ನಮ್ಮಲ್ಲಿ ನಿತ್ಯವೂ ಕಾಣುತ್ತೇವೆ. ಔಷಧಿ ಹೊಟ್ಟೆಯೊಳಕ್ಕೆ ಬೀಳದಿದ್ದರೂ ರಕ್ತದ ಮೂಲಕ ಜಠರದ ಒಳಪದರವನ್ನು ತಲುಪುತ್ತದೆ. ನಿಮ್ಮ ಸಹೋದ್ಯೋಗಿ ಹೇಳಿದ ಡಿಸ್ಪ್ರಿನ್ ಆಸ್ಪಿರಿನ್ನೇ. ಕರಗುವ ಗುಣದಿಂದ ಅದು ನಿಮ್ಮ ಹೊಲಿಗೆಗೆ ಹಗುರವಾಗುವುದಿಲ್ಲ. ಆದರೆ ಹೃದಯದ ತೊಂದರೆಗಾಗಿ ದಿನಕ್ಕೊಂದು ಸಣ್ಣ ಪ್ರಮಾಣದ ಆಸ್ಪಿರಿನ್ ತೆಗೆದುಕೊಳ್ಳುತ್ತಿರುವ ಓದುಗರು ಇದನ್ನು ಓದಿ ತಾವಾಗಿಯೇ ನಿಲ್ಲಿಸಕೂಡದು. ಅದು ಹೃದ್ರೋಗ ತಜ್ಞರೂ ಶಸ್ತ್ರಚಿಕಿತ್ಸಕರೂ ಸೇರಿ ನಿರ್ಧರಿಸಬೇಕಾದ ವಿಷಯ.

ಐಬುಪ್ರೊಫೇನ್, ಆಸ್ಪಿರಿನ್, ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ನಿಮೆಸುಲೈಡ್, ನೆಪ್ರಾಕ್ಸೆನ್, ಮೆಫೆನಾಮಿಕ್ ಆಮ್ಲ: ಇದೇ ಬಳಗದ, ನೀವು ದೂರವಿಡಬೇಕಾದ ಈ ಏಳು ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಳ್ಳಿ. ಗುಳಿಗೆಯ ಮುಂಭಾಗದ ದೊಡ್ಡ ಅಕ್ಷರದ ಹೆಸರು ಕಂಪನಿ ಇಟ್ಟದ್ದು. ಅದನ್ನು ನೋಡಿ ಏನೂ ತಿಳಿಯುವುದಿಲ್ಲ. ಒಳಗೇನಿದೆ ಎಂಬುದು ಹಿಂಭಾಗದಲ್ಲಿ, ಬೆಳ್ಳಿ ಬಣ್ಣದ ಹಾಳೆಯ ಮೇಲೆ, ಕನ್ನಡಕ ಹಾಕಿಕೊಂಡು ಓದಬೇಕಾದಷ್ಟು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿರುತ್ತದೆ. ಎರಡು-ನಾಲ್ಕು ಗುಳಿಗೆ ಕತ್ತರಿಸಿ ಕೊಡುವ ನಮ್ಮ ಅಂಗಡಿಗಳ ರೂಢಿಯಲ್ಲಿ ಆ ಬರಹದ ಅರ್ಧ ಭಾಗ ಅಂಗಡಿಯಲ್ಲೇ ಉಳಿದುಬಿಡುತ್ತದೆ. ನಿಮಗೆ ಆದದ್ದೂ ಇದೇ. ಆದ್ದರಿಂದ ಇನ್ನು ಮುಂದೆ ಇಡೀ ಪಟ್ಟಿಯನ್ನೇ ಕೊಳ್ಳಿ, ಇಲ್ಲವೇ ಕತ್ತರಿಸುವ ಮೊದಲೇ ಅದರ ಹಿಂಭಾಗದ ಫೋಟೋ ತೆಗೆದುಕೊಳ್ಳಿ. 'ನನಗೆ ಜಠರದ ಆಪರೇಷನ್ ಆಗಿದೆ, ಬರೀ ಪ್ಯಾರಸಿಟಮಾಲ್ ಕೊಡಿ' ಎಂದು ಸ್ಪಷ್ಟವಾಗಿ ಕೇಳಿ. 'ನೆಗಡಿಗೆ ಏನಾದರೂ ಕೊಡಿ' ಎಂದರೆ ಮೂರು ನಾಲ್ಕು ಔಷಧಿಗಳು ಕೂಡಿದ ಗುಳಿಗೆಯೇ ಕೈಗೆ ಬರುತ್ತದೆ.

ಈಗಾಗಲೇ ನುಂಗಿರುವ ಎರಡು ಗುಳಿಗೆಗಳ ಬಗ್ಗೆ ಗಾಬರಿ ಬೇಡ. ಎರಡೇ ಗುಳಿಗೆಗೆ ಹುಣ್ಣು ಆಗಿಯೇ ತೀರುತ್ತದೆಂದಿಲ್ಲ; ಅಪಾಯ ಬೆಳೆಯುವುದು ಮುಖ್ಯವಾಗಿ ದಿನಗಟ್ಟಲೆ ತೆಗೆದುಕೊಂಡಾಗ. ಆದರೂ ಶಸ್ತ್ರಚಿಕಿತ್ಸೆ ಮಾಡಿದವರಿಗೆ ಫೋನ್ ಮಾಡಿ ತಿಳಿಸಿ, ಆಮ್ಲ ಕಡಿಮೆ ಮಾಡುವ ಗುಳಿಗೆಯನ್ನು ಕೆಲವು ದಿನ ಮತ್ತೆ ತೆಗೆದುಕೊಳ್ಳಬೇಕೇ ಎಂದು ಕೇಳಿ. ಮೇಲ್ಹೊಟ್ಟೆಯಲ್ಲಿ ಉರಿ ಅಥವಾ ಕೊರೆಯುವಂಥ ನೋವು, ರಕ್ತ ಅಥವಾ ಕಾಫಿ ಪುಡಿಯಂಥ ವಾಂತಿ, ತಲೆ ಸುತ್ತು, ಕಪ್ಪು ಮಲ, ಇವುಗಳಲ್ಲಿ ಯಾವುದು ಕಂಡರೂ ಆಸ್ಪತ್ರೆಗೆ ಹೋಗಿ. ಕಬ್ಬಿಣದ ಗುಳಿಗೆ ತೆಗೆದುಕೊಳ್ಳುವ ನಿಮಗೆ ಮಲ ಹೇಗೂ ಕಪ್ಪು ಅಥವಾ ಕಡುಹಸಿರಾಗಿರಬಹುದು. ಆದರೆ ಒಳಗೆ ರಕ್ತ ಹೋಗುತ್ತಿದ್ದಾಗ ಮಲ ಡಾಂಬರಿನಂತೆ ಅಂಟಂಟಾಗಿ, ನೀರು ಹಾಕಿದರೂ ಸುಲಭವಾಗಿ ಹೋಗದಂತೆ ಇರುತ್ತದೆ, ನಾತವೂ ಬೇರೆಯೇ. ಸಂಶಯವಿದ್ದರೆ ಪರೀಕ್ಷೆ ಮಾಡಿಸುವುದೇ ಸರಿ. ಮನೆಯಲ್ಲಿ ಯಾರಾದರೂ ಬೀಡಿ, ಸಿಗರೇಟು ಸೇದುವ ಬೈಪಾಸ್ ರೋಗಿಗಳಿದ್ದರೆ ಅವರಿಗೆ ಇದೇ ಹುಣ್ಣಿನ ಅಪಾಯ ಇನ್ನೂ ಹೆಚ್ಚು ಎಂದು ತಿಳಿಸಿ.

ಹಾಗಾದರೆ ಏನು ತೆಗೆದುಕೊಳ್ಳಬೇಕು? ನನ್ನ ಸಲಹೆ ಸರಳ: ಕೂಡುಗುಳಿಗೆಗಳನ್ನು ಬಿಟ್ಟು, ನಿಮ್ಮನ್ನು ನಿಜವಾಗಿ ಕಾಡುತ್ತಿರುವ ತೊಂದರೆ ಯಾವುದೋ ಅದಕ್ಕೆ ಮಾತ್ರ ಒಂದು ಔಷಧಿ ತೆಗೆದುಕೊಳ್ಳಿ.

ಜ್ವರ, ತಲೆನೋವು, ಮೈಕೈ ನೋವಿಗೆ ಪ್ಯಾರಸಿಟಮಾಲ್ ಒಂದೇ ಸಾಕು. 500 ಅಥವಾ 650 ಮಿ.ಗ್ರಾಂ. ಗುಳಿಗೆಯನ್ನು ಬೇಕಾದಾಗ ಮಾತ್ರ, ಎರಡು ಸರದಿಗಳ ನಡುವೆ ಆರು ಗಂಟೆ ಬಿಟ್ಟು ತೆಗೆದುಕೊಳ್ಳಬಹುದು. 24 ಗಂಟೆಗಳಲ್ಲಿ ಒಟ್ಟು 3 ಗ್ರಾಂ ಮೀರಬಾರದು. ನೆಗಡಿಯಿಂದ ಊಟವೇ ಸೇರದಿದ್ದರೆ, ತೂಕ 50 ಕಿಲೋಗಿಂತ ಕಡಿಮೆಯಿದ್ದರೆ, ಲಿವರ್ ತೊಂದರೆ ಇದ್ದರೆ 2 ಗ್ರಾಂ ದಾಟದಿರುವುದು ಕ್ಷೇಮ; ಅಂಥವರು ಮೊದಲೇ ವೈದ್ಯರನ್ನು ಕೇಳಬೇಕು, ಏಕೆಂದರೆ ಸರಿಯಾಗಿ ಉಣ್ಣದ ದೇಹದಲ್ಲಿ ಪ್ಯಾರಸಿಟಮಾಲನ್ನು ನಿರ್ವಿಷಗೊಳಿಸುವ ಸಾಮಗ್ರಿ ಕಡಿಮೆಯಾಗಿರುತ್ತದೆ. ಲೆಕ್ಕ ತಪ್ಪುವುದು ಕೂಡುಗುಳಿಗೆಯಿಂದಲೇ: ಒಂದು ಕಡೆ ನೆಗಡಿ ಗುಳಿಗೆ, ಇನ್ನೊಂದು ಕಡೆ ಜ್ವರದ ಗುಳಿಗೆ ಎಂದು ನುಂಗುತ್ತಾರೆ, ಎರಡರಲ್ಲೂ ಪ್ಯಾರಸಿಟಮಾಲ್ ಇರುತ್ತದೆ. ಎಂಟು ತಿಂಗಳಾದ ನಿಮಗೆ ಗುಳಿಗೆ ನುಂಗಲು ಅಡ್ಡಿಯಿರಲಾರದು. ದೊಡ್ಡದೆನಿಸಿದರೆ ಸಾದಾ ಗುಳಿಗೆಯನ್ನು ಅರ್ಧ ಮಾಡಿ ನುಂಗಿ. ನಿಧಾನವಾಗಿ ಕರಗುವಂತೆ ತಯಾರಿಸಿದ ಗುಳಿಗೆಗಳನ್ನು ಮಾತ್ರ ಮುರಿಯಲೂಬಾರದು, ಬೈಪಾಸ್ ಆದವರು ಅವನ್ನು ಆಯ್ದುಕೊಳ್ಳಲೂಬಾರದು. ಕರುಳಿನ ದಾರಿ ಚಿಕ್ಕದಾಗಿರುವುದರಿಂದ ಅವು ಪೂರ್ತಿ ಕೆಲಸ ಮಾಡುತ್ತವೆಂಬ ಭರವಸೆ ಇಲ್ಲ.

ಮೂಗು ಕಟ್ಟಿದ್ದರೆ ಔಷಧಿಯನ್ನು ಮೂಗಿಗೇ ಹಾಕುವುದು ಉತ್ತಮ. ಉಪ್ಪುನೀರಿನ ಹನಿ ಅಥವಾ ಸ್ಪ್ರೇ ದಿನಕ್ಕೆ ಎಷ್ಟು ಸಲವಾದರೂ ಹಾಕಬಹುದು. ತೊಗರಿ ರಾಶಿ ಮಾಡುವ ಈ ಡಿಸೆಂಬರ್-ಜನವರಿಯಲ್ಲಿ ಹೊಟ್ಟು, ದೂಳು ಊರೆಲ್ಲ ಹಾರಾಡುವಾಗ ನೆಗಡಿ ಇಲ್ಲದವರಿಗೂ ಇದು ಒಳ್ಳೆಯದು. ರಾತ್ರಿ ಉಸಿರಾಡಲು ತೀರ ಕಷ್ಟವಾದರೆ ಕ್ಸೈಲೊಮೆಟಜೋಲಿನ್ ಅಥವಾ ಆಕ್ಸಿಮೆಟಜೋಲಿನ್ ಹನಿಯನ್ನು ಹೆಚ್ಚೆಂದರೆ ಮೂರು ದಿನ ಬಳಸಬಹುದು, ಬಿ.ಪಿ. ಇರುವ ನೀವು ಬಳಸುವ ಮೊದಲು ನಿಮ್ಮ ವೈದ್ಯರನ್ನು ಒಂದು ಮಾತು ಕೇಳಿ. ವಾರಗಟ್ಟಲೆ ಹಾಕಿದರೆ ಹನಿ ಬಿಟ್ಟೊಡನೆ ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟುತ್ತದೆ. ನೆಗಡಿ ಗುಳಿಗೆಗಳಲ್ಲಿ ಬೆರೆಸಿರುವ ಫಿನೈಲೆಫ್ರಿನ್ ಬಗ್ಗೆ ಹೇಳುವುದಾದರೆ, ಬಾಯಿಯ ಮೂಲಕ ತೆಗೆದುಕೊಂಡಾಗ ಅದು ಮೂಗು ಬಿಡಿಸುವುದಿಲ್ಲವೆಂದು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆಯ ತಜ್ಞರ ಸಮಿತಿ 2023ರಲ್ಲಿ ಅಭಿಪ್ರಾಯಪಟ್ಟಿತು. 2024ರಲ್ಲಿ ಆ ಸಂಸ್ಥೆಯೇ ಅದನ್ನು ಇಂಥ ಗುಳಿಗೆಗಳಿಂದ ತೆಗೆಯುವ ಪ್ರಸ್ತಾವ ಮುಂದಿಟ್ಟಿತು. ಉಪಯೋಗವಿಲ್ಲದ, ಬಿ.ಪಿ. ಏರಿಸಬಹುದಾದ ವಸ್ತುವನ್ನು ನುಂಗುವ ಅಗತ್ಯ ನಿಮಗಿಲ್ಲ.

ಸೀನು, ಮೂಗಿನಿಂದ ನೀರು ಸುರಿಯುವುದು ಹೆಚ್ಚಿದ್ದರೆ ಸಿಟ್ರಿಜಿನ್ 10 ಮಿ.ಗ್ರಾಂ. ರಾತ್ರಿ ಒಂದು ತೆಗೆದುಕೊಳ್ಳಬಹುದು. ಅದರಿಂದ ಬಾಯಿ ಒಣಗುತ್ತದೆ, ಸ್ವಲ್ಪ ಮಂಪರೂ ಬರುತ್ತದೆ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಗೆ ಯಂತ್ರ ಹಾಕಿಕೊಂಡು ಮಲಗುವವರು, ತೂಕ ಇಳಿದ ಮೇಲೂ ವೈದ್ಯರು ನಿಲ್ಲಿಸಲು ಹೇಳುವವರೆಗೆ, ಮಂಪರು ತರುವ ಯಾವ ಔಷಧಿಯನ್ನೂ ಕೇಳದೆ ತೆಗೆದುಕೊಳ್ಳಬಾರದು.

ಇನ್ನು ಕಷಾಯದ ವಿಷಯ. ನಿಮಗೆ ಬಂದ ಬೆವರು, ಎದೆಬಡಿತ, ಸುಸ್ತಿಗೆ ಗುಳಿಗೆಗಿಂತ ಬೆಲ್ಲವೇ ಕಾರಣವೆಂದು ನನಗನಿಸುತ್ತದೆ. ಸಾಮಾನ್ಯ ಜಠರ ಸಿಹಿಯನ್ನು ಸ್ವಲ್ಪಸ್ವಲ್ಪವಾಗಿ ಕರುಳಿಗೆ ಬಿಡುತ್ತದೆ. ನಿಮ್ಮ ಪುಟ್ಟ ಚೀಲಕ್ಕೆ ಆ ತಡೆಬಾಗಿಲು ಇಲ್ಲ. ಲೋಟದ ಬೆಲ್ಲದ ನೀರು ಒಮ್ಮೆಲೇ ಕರುಳಿಗೆ ಇಳಿದಾಗ, ಅದನ್ನು ತೆಳುವಾಗಿಸಲು ರಕ್ತದಲ್ಲಿನ ನೀರು ಕರುಳಿನೊಳಕ್ಕೆ ಸೆಳೆಯಲ್ಪಡುತ್ತದೆ. ಹತ್ತರಿಂದ ಮೂವತ್ತು ನಿಮಿಷದೊಳಗೆ ಬೆವರು, ಎದೆಬಡಿತ, ಹೊಟ್ಟೆ ಮುರಿತ, ಕೆಲವರಿಗೆ ಭೇದಿ. ವೈದ್ಯರು ಇದನ್ನು ಡಂಪಿಂಗ್ ಎನ್ನುತ್ತಾರೆ. ಒಂದರಿಂದ ಮೂರು ಗಂಟೆಗಳ ನಂತರ ಸಕ್ಕರೆಯ ಮಟ್ಟ ಕುಸಿದು ಕೈ ನಡುಕ, ತಲೆ ಸುತ್ತು ಬರುವ ಎರಡನೆಯ ಬಗೆಯೂ ಇದೆ.

ಅತ್ತೆಯವರ ಕಷಾಯವನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಶುಂಠಿ, ತುಳಸಿ, ಎರಡು ಕಾಳು ಮೆಣಸು ಹಾಕಿ ಕಾಸಿ, ಬೆಲ್ಲವನ್ನೂ ಜೇನುತುಪ್ಪವನ್ನೂ ಬಿಟ್ಟು, ಬೆಚ್ಚಗಿರುವಾಗ ಚಿಕ್ಕ ಕಪ್ಪಿನಲ್ಲಿ ಇಪ್ಪತ್ತು ನಿಮಿಷ ಗುಟುಕು ಗುಟುಕಾಗಿ ಕುಡಿಯಿರಿ. ಊಟಕ್ಕೂ ಅದಕ್ಕೂ ಅರ್ಧ ಗಂಟೆ ಅಂತರವಿರಲಿ. ಮೆಣಸಿನ ಖಾರ ಮೇಲ್ಹೊಟ್ಟೆಯಲ್ಲಿ ಉರಿ ತಂದರೆ ಅದನ್ನೂ ಬಿಡಿ. ಜೇನುತುಪ್ಪ ಸಹಜವಾದದ್ದು, ಏನೂ ಆಗದು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಕರುಳಿಗೆ ಅದೂ ಸಕ್ಕರೆಯೇ. ಅರಿಶಿನ ಹಾಕಿದ ಹಾಲು ನಿಮಗೆ ಈಗಾಗಲೇ ಒಗ್ಗಿದ್ದರೆ ಸಕ್ಕರೆಯಿಲ್ಲದೆ ಕುಡಿಯಬಹುದು. ಶಸ್ತ್ರಚಿಕಿತ್ಸೆಯ ನಂತರ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರು ಪ್ರಯತ್ನಿಸಬಾರದು. ಗಂಟಲಿಗೆ ಎಲ್ಲಕ್ಕಿಂತ ಒಳ್ಳೆಯದು ಒಂದು ಲೋಟ ಬೆಚ್ಚನೆಯ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮುಕ್ಕಳಿಸುವುದು.

ಕೆಮ್ಮಿನ ಸಿರಪ್ಪಿಗೂ ಇದೇ ಮಾತು ಸ್ವಲ್ಪ ಮಟ್ಟಿಗೆ ಸಲ್ಲುತ್ತದೆ. 5 ಮಿ.ಲೀ. ಸಿರಪ್ಪಿನಲ್ಲಿರುವ ಸಕ್ಕರೆಯಿಂದ ಎಲ್ಲರಿಗೂ ಡಂಪಿಂಗ್ ಆಗುವುದಿಲ್ಲ, ಆದರೆ ನಿಮಗೆ ಒಮ್ಮೆ ಆಗಿರುವುದರಿಂದ ಮಧುಮೇಹಿಗಳಿಗೆಂದು ಬರುವ ಸಕ್ಕರೆರಹಿತ ಸಿರಪ್ ಕೇಳಿ. ಅದರಲ್ಲಿ ಸಾರ್ಬಿಟಾಲ್ ಇದ್ದರೆ ಕೆಲವರಿಗೆ ಭೇದಿಯಾಗಬಹುದು. ಆಲ್ಕೊಹಾಲ್ ಇರುವ ಸಿರಪ್, ಟಾನಿಕ್ ಬೇಡ. ಬೈಪಾಸ್ ನಂತರ ಆಲ್ಕೊಹಾಲ್ ಬೇಗನೆ ರಕ್ತಕ್ಕೆ ಏರುತ್ತದೆ. ಕೋಡೀನ್ ಇರುವುದಂತೂ ಬೇಡವೇ ಬೇಡ: ಮಲಬದ್ಧತೆ, ಮಂಪರು, ಉಸಿರಾಟ ಕುಗ್ಗುವುದು, ಚಟ, ಎಲ್ಲವೂ ಅದರಿಂದಲೇ. ಖಿನ್ನತೆಗೆ ಗುಳಿಗೆ ತೆಗೆದುಕೊಳ್ಳುತ್ತಿರುವವರು ಡೆಕ್ಸ್ಟ್ರೊಮೆಥಾರ್ಫಾನ್ ಇರುವ ಕೆಮ್ಮಿನ ಔಷಧಿಗೆ ಮುನ್ನ ವೈದ್ಯರನ್ನು ಕೇಳಬೇಕು.

ನೆಗಡಿ ಬಂದೊಡನೆ ವಿಟಮಿನ್ ಸಿ, ಜಿಂಕ್ ಗುಳಿಗೆಗಳನ್ನು ದಿನಕ್ಕೆ ಮೂರು ನಾಲ್ಕು ತಿನ್ನುವ ರೂಢಿ ಕೋವಿಡ್ ಕಾಲದಿಂದ ಉಳಿದುಬಂದಿದೆ. ಬೈಪಾಸ್ ಆದವರಿಗೆ ಮೂತ್ರದಲ್ಲಿ ಆಕ್ಸಲೇಟ್ ಹೆಚ್ಚಿ ಕಿಡ್ನಿಯಲ್ಲಿ ಕಲ್ಲಾಗುವ ಸಂಭವ ಮೊದಲೇ ಇರುತ್ತದೆ. ಹೆಚ್ಚು ಪ್ರಮಾಣದ ವಿಟಮಿನ್ ಸಿ ಅದೇ ಆಕ್ಸಲೇಟನ್ನು ಇನ್ನಷ್ಟು ಹೆಚ್ಚಿಸುತ್ತದೆ. ಜಿಂಕ್ ಅತಿಯಾದರೆ ದೇಹ ತಾಮ್ರವನ್ನು ಹೀರಿಕೊಳ್ಳುವುದಿಲ್ಲ. ತಾಮ್ರ ಕಡಿಮೆಯಾದರೆ ರಕ್ತಹೀನತೆ, ನರಗಳ ದೌರ್ಬಲ್ಯ ಬರುತ್ತವೆ. ನೀವು ದಿನವೂ ತೆಗೆದುಕೊಳ್ಳುವ ಮಲ್ಟಿವಿಟಮಿನ್‌ನಲ್ಲಿ ಇರುವಷ್ಟೇ ಸಾಕು.

ನಮ್ಮ ಹಳ್ಳಿಗಳಲ್ಲಿ ಕಾಗದದ ಪೊಟ್ಟಣದಲ್ಲಿ ಬಣ್ಣಬಣ್ಣದ ಐದಾರು ಬಿಡಿ ಗುಳಿಗೆ ಕಟ್ಟಿಕೊಡುವ ಪದ್ಧತಿಯ ಬಗ್ಗೆ ನನಗೆ ನಿಜವಾದ ಆತಂಕವಿದೆ. ಹೆಸರಿಲ್ಲದ ಆ ಗುಳಿಗೆಗಳಲ್ಲಿ ನೋವು ನಿವಾರಕದ ಜೊತೆಗೆ ಸ್ಟೀರಾಯ್ಡ್ ಕೂಡ ಇರಬಹುದು, ಮತ್ತು ಇವೆರಡೂ ಸೇರಿದಾಗ ಹುಣ್ಣಿನ ಅಪಾಯ ಬಹಳ ಹೆಚ್ಚುತ್ತದೆ. ಎರಡೇ ದಿನದಲ್ಲಿ ಚುರುಕಾದೆವೆಂದು ಜನ ಅದನ್ನೇ ಮೆಚ್ಚುತ್ತಾರೆ. ಒಳಗೇನಿದೆ ಎಂದು ಬರೆದುಕೊಡದ ಗುಳಿಗೆಯನ್ನು ನೀವು ನುಂಗಬಾರದು. ನೆಗಡಿ ವೈರಸ್ಸಿನಿಂದ ಬರುವುದರಿಂದ ಆ್ಯಂಟಿಬಯಾಟಿಕ್‌ನಿಂದಲೂ ಲಾಭವಿಲ್ಲ.

ನೆಗಡಿಯ ದಿನಗಳಲ್ಲಿ ನಿಮ್ಮಂಥವರನ್ನು ಔಷಧಿಯ ಕೊರತೆಗಿಂತ ನೀರಿನ ಕೊರತೆ ಬೇಗ ಕಂಗೆಡಿಸುತ್ತದೆ. ಒಮ್ಮೆಲೇ ಲೋಟ ನೀರು ಕುಡಿಯಲಾಗದ ನೀವು ಬಾಟಲಿಯನ್ನು ಪಕ್ಕದಲ್ಲಿಟ್ಟುಕೊಂಡು ದಿನವಿಡೀ ಗುಟುಕರಿಸಿ ಒಂದೂವರೆ ಲೀಟರ್ ಆದರೂ ಮುಟ್ಟಿಸಬೇಕು. ತೊಗರಿಬೇಳೆಯ ತಿಳಿ ಸಾರು ಗಂಟಲಿಗೆ ಹಿತವಾದರೂ ಅದರಲ್ಲಿ ಪ್ರೋಟೀನ್ ಹೆಚ್ಚಿರುವುದಿಲ್ಲ. ಬೇಯಿಸಿದ ಬೇಳೆಯನ್ನೇ ಕಡೆದು ತಿನ್ನಿ, ಮೊಸರು, ತಿನ್ನುವವರಾದರೆ ಮೊಟ್ಟೆ ಸೇರಿಸಿ. ಎರಡು ಮೂರು ದಿನ ವಾಂತಿಯಾಗಿ ವಿಟಮಿನ್ ಗುಳಿಗೆಗಳೂ ನಿಲ್ಲದಿದ್ದರೆ ಮನೆಯಲ್ಲಿ ಕಾಯಬೇಡಿ. ಥಯಮಿನ್ ಎಂಬ ಬಿ1 ವಿಟಮಿನ್ ದೇಹದಲ್ಲಿ ಕೆಲವೇ ವಾರಗಳಿಗೆ ಸಾಕಾಗುವಷ್ಟು ಇರುತ್ತದೆ. ಅದು ಮುಗಿದರೆ ಕಣ್ಣಿಗೆ ಒಂದು ಎರಡಾಗಿ ಕಾಣುವುದು, ನಡೆಯುವಾಗ ತೂರಾಡುವುದು, ಗೊಂದಲ ಶುರುವಾಗುತ್ತವೆ. ಆಸ್ಪತ್ರೆಯಲ್ಲಿ ಗ್ಲೂಕೋಸ್ ಬಾಟಲಿ ಏರಿಸುವ ಮೊದಲು 'ನನಗೆ ಬೈಪಾಸ್ ಆಗಿದೆ, ಥಯಮಿನ್ ಕೊಡಬೇಕಲ್ಲವೇ' ಎಂದು ನೀವು ನೆನಪಿಸಿದರೆ ತಪ್ಪೇನಿಲ್ಲ.

ಇದನ್ನು ಓದುವ ಇತರರಿಗೆ ಎರಡು ಮಾತು. ಜಠರದ ಮುಕ್ಕಾಲು ಭಾಗವನ್ನು ತೆಗೆದುಹಾಕುವ ಸ್ಲೀವ್ ಶಸ್ತ್ರಚಿಕಿತ್ಸೆಯಾದವರಿಗೆ ಕರುಳಿನ ಹೊಲಿಗೆ ಇಲ್ಲದ್ದರಿಂದ ಹುಣ್ಣಿನ ಅಪಾಯ ಬೈಪಾಸಿನಷ್ಟಿಲ್ಲ. ಆದರೂ ಮೇಲಿನ ಏಳು ಔಷಧಿಗಳನ್ನು ತಮ್ಮ ವೈದ್ಯರ ಅನುಮತಿಯಿಲ್ಲದೆ ಅವರೂ ಮುಟ್ಟದಿರುವುದು ಲೇಸು. ಶಸ್ತ್ರಚಿಕಿತ್ಸೆಯಾಗಿ ಇನ್ನೂ ಒಂದು ತಿಂಗಳೊಳಗಿರುವವರು ಜ್ವರ ಬಂದರೆ ಅದನ್ನು ನೆಗಡಿಯೆಂದು ಭಾವಿಸಕೂಡದು. ಹೊಲಿಗೆ ಸೋರುತ್ತಿದ್ದರೂ ಮೊದಲು ಕಾಣುವುದು ಜ್ವರ, ನಿಮಿಷಕ್ಕೆ 120 ಮೀರಿದ ನಾಡಿ, ಹೊಟ್ಟೆ ಅಥವಾ ಎಡ ಭುಜದ ನೋವು; ಕಾಲು ಊದಿ ಉಸಿರು ಕಟ್ಟುತ್ತಿದ್ದರೆ ಶ್ವಾಸಕೋಶಕ್ಕೆ ರಕ್ತದ ಗಡ್ಡೆ ಸೇರಿರಬಹುದು. ಹೈದರಾಬಾದಿಗೋ ಸೊಲ್ಲಾಪುರಕ್ಕೋ ನಾಳೆ ಹೋದರಾಯಿತೆಂದು ಕಾಯದೆ ಕಲಬುರಗಿ, ಬೀದರ್, ಯಾದಗಿರಿಯ ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಆಗಲೇ ಹೋಗಿ, ಅಲ್ಲಿಂದಲೇ ಶಸ್ತ್ರಚಿಕಿತ್ಸಕರಿಗೆ ಫೋನ್ ಮಾಡಿಸಬೇಕು.

ನಿಮ್ಮ ನೆಗಡಿ ಏಳರಿಂದ ಹತ್ತು ದಿನಗಳಲ್ಲಿ ಇಳಿಯಬೇಕು. ಕೆಮ್ಮು ಅದಕ್ಕಿಂತ ತುಸು ಹೆಚ್ಚು ದಿನ ಉಳಿಯಬಹುದು. ಜ್ವರ ಮೂರು ದಿನಗಳ ಮೇಲೂ ಇಳಿಯದಿದ್ದರೆ, ಉಸಿರು ಮೇಲೆ ಕೆಳಗಾದರೆ ವೈದ್ಯರಿಗೆ ತೋರಿಸಿ. ಕೆಮ್ಮು ಎರಡು ವಾರ ದಾಟಿದರೆ ಕಫ ಪರೀಕ್ಷೆ ಮಾಡಿಸಲೇಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ಕ್ಷಯರೋಗದಲ್ಲಿ ತೂಕ ಇಳಿಯುವುದನ್ನು ಮನೆಯವರು ಸಾಮಾನ್ಯವಾಗಿ ಗುರುತಿಸುತ್ತಾರೆ. ನಿಮ್ಮ ತೂಕ ಹೇಗೂ ಇಳಿಯುತ್ತಿರುವುದರಿಂದ ಆ ಸುಳಿವು ಯಾರ ಕಣ್ಣಿಗೂ ಬೀಳುವುದಿಲ್ಲ, ಶಸ್ತ್ರಚಿಕಿತ್ಸೆಯ ಫಲವೆಂದೇ ಎಲ್ಲರೂ ಸಂತೋಷಪಡುತ್ತಾರೆ. ಆದ್ದರಿಂದ ಕೆಮ್ಮಿನ ದಿನಗಳನ್ನು ಇಂದಿನಿಂದಲೇ ಕ್ಯಾಲೆಂಡರಿನ ಮೇಲೆ ಗುರುತು ಹಾಕಿಕೊಳ್ಳಿ.